ಹದಿಮೂರು, ಹತ್ತು

ಸ್ಕ್ರಿಪ್ಟು ಒಂದೇ. ಹದಿನಾಲ್ಕು ಸಾಲು.
ಪೋತಿ ಬಂದರಿನ ಕಟ್ಟೆಗೆ ಬಡಿಯುವ ಕಪ್ಪು ಸಮುದ್ರ
ಗುರುತಿನ ಗೆರೆಯಿಂದ ಎಷ್ಟು ಸೆಂಟಿಮೀಟರು ಮೇಲಿದೆ ಎಂದು
ನಿಮಿಷಕ್ಕೊಂದು ಬೈಟಿನಂತೆ ಬರೆದಿಡುವುದಷ್ಟೇ ಅದರ ಕೆಲಸ.
ದಿನಕ್ಕೆ ಸಾವಿರದ ನಾನೂರ ನಲವತ್ತು.
ಉಶಾಂಗಿಯ ಲಿನಕ್ಸಿನಲ್ಲಿ ಅಷ್ಟೇ.
ನನ್ನ ವಿಂಡೋಸಿನಲ್ಲಿ ಸಾವಿರದ ನಾನೂರ ಐವತ್ತೊಂದು.

ಹನ್ನೊಂದು ಹೆಚ್ಚು.
ಯಾವ ಸಮುದ್ರ ದಿನಕ್ಕೆ ಹನ್ನೊಂದು ನಿಮಿಷ
ಕೈಗಡ ತಂದುಕೊಡುತ್ತದೆ?

ಮೊದಲು ಕೇಬಲ್ಲಿಗೆ ಬೈದೆವು. ಆಮೇಲೆ ಪೆನ್‌ಡ್ರೈವಿಗೆ.
ಆಮೇಲೆ ನೀರಿನೊಳಗೆ ಪಾಚಿ ಹಿಡಿದು ಕೂತ, ಮಾತೇ ಬಾರದ ಸೆನ್ಸರಿಗೆ.
ಮಧ್ಯಾಹ್ನದ ಹೊತ್ತಿಗೆ ಒಬ್ಬರಿಗೊಬ್ಬರು.
ನಿನ್ನ ಯಂತ್ರಕ್ಕೆ ವಯಸ್ಸಾಗಿದೆ ಎಂದ ಉಶಾಂಗಿ.
ನಿನ್ನ ಯಂತ್ರ ನುಂಗುತ್ತಿದೆ ಎಂದೆ ನಾನು.
ಹೆಚ್ಚಾದವಳೇ ಕಡಿಮೆಯಾದವನನ್ನು ಕಳ್ಳ ಎನ್ನುವುದು
ಹೊಸತೇನಲ್ಲ.

ಕೊನೆಗೆ ಎರಡೂ ಕಡತಗಳನ್ನು ಅಂಕಿ ಅಂಕಿಯಾಗಿ ಮುದ್ರಿಸಿ
ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆವು.
ನೀಲಗಿರಿ ಮರಗಳ ಆಚೆಯಿಂದ ಬಂದ ಬೂದು ಬೆಳಕು
ಕಾಗದ ದಾಟಿತು.
ಹನ್ನೆರಡು ಸಾಲು, ಅಂಕಿಯ ಮೇಲೆ ಅಂಕಿ, ಮಿಸುಕಿಲ್ಲ.
ಹದಿಮೂರನೆಯ ಸಾಲಿನ ತಲೆಯಲ್ಲಿ
ಒಂದು ಹದಿಮೂರು.
ಅಲ್ಲಿಂದಾಚೆ ಎಲ್ಲರೂ ಒಂದೊಂದು ಮನೆ ಸರಿದು ಕೂತಿದ್ದಾರೆ,
ಊಟದ ಪಂಕ್ತಿಯಲ್ಲಿ ಕರೆಯದ ನೆಂಟ
ಎಲೆ ಎಳೆದುಕೊಂಡು ಕೂತ ಹಾಗೆ.

ಬೆರಳಿಟ್ಟು ಇಳಿದೆ. ಇನ್ನೊಂದು ಹದಿಮೂರು. ಮತ್ತೊಂದು.
ಪ್ರತಿ ಸಲವೂ ಅದರ ಹಿಂದೆಯೇ ಒಂದು ಹತ್ತು.
ಗಾಳಿ ಏರಿ ಇಳಿದ ಆ ರಾತ್ರಿ
ನೀರು ಸರಿಯಾಗಿ ಹತ್ತು ಸೆಂಟಿಮೀಟರಿನಲ್ಲಿ ನಿಂತದ್ದು
ಹನ್ನೊಂದೇ ಸಲ.

ಮೇಲಿನ ಮಹಡಿಯ ಬೆಬೋ ಲಮ್ಜಿರಾ
ನಮ್ಮ ಹೀಟರಿನ ಆಸೆಗೆ ದಿನವೂ ಇಳಿದು ಬರುವವಳು,
ಮೂವತ್ತೊಂದು ವರ್ಷ ಬಂದರಿನ ತಂತಿಮನೆಯಲ್ಲಿ
ಟೆಲಿಪ್ರಿಂಟರಿನ ಮುಂದೆ ಕೂತವಳು, ಕೇಳಿದಳು:
ಏನೇ ದಾರೆಜಾನ್, ಗಾಜು ಒರೆಸುತ್ತಿದ್ದೀಯಾ?

ಹೇಳಿದೆ. ಹತ್ತು ಎಂದರೆ ಕಾಗದ ಒಂದು ಸಾಲು ಮೇಲೇರಲಿ ಎಂದು,
ಹದಿಮೂರು ಎಂದರೆ ಅಚ್ಚಿನ ತಲೆ ಎಡದಂಚಿಗೆ ಮರಳಲಿ ಎಂದು.
ಈ ಪೆಟ್ಟಿಗೆ ನಮ್ಮ ಸಮುದ್ರವನ್ನು ಕಾಗದವೆಂದುಕೊಂಡು
ಹತ್ತು ಕಂಡಲ್ಲೆಲ್ಲ
ಮುಂದೊಂದು ಹದಿಮೂರನ್ನು ತಾನೇ ಸೇರಿಸುತ್ತಿದೆ.

ಅವಳಿಗೆ ಅಂಕಿ ಗೊತ್ತಿಲ್ಲ. ಗುಂಡಿ ಗೊತ್ತು.
ಎರಡು ಗುಂಡಿ, ಎಂದಳು, ಯಾವಾಗಲೂ ಎರಡು.
ಒಂದು ಚಳಿಗಾಲ ಮೇಲೇರಿಸುವುದನ್ನು ಮರೆತೆ, ಬರೀ ಮರಳಿಸಿದೆ.
ಬಿರುಗಾಳಿಗೆ ಸಿಕ್ಕ ಆರು ಹಡಗುಗಳ ಹೆಸರು
ಒಂದೇ ಸಾಲಿನಲ್ಲಿ ಒಂದರ ಮೇಲೊಂದು ಬಿದ್ದು
ಕಪ್ಪು ಕಲೆ.
ಬಾಗಿಲಲ್ಲಿ ಹೆಂಗಸರು ನಿಂತಿದ್ದರು.
ಯಾವುದನ್ನು ಓದಿ ಹೇಳಲಿ?

ಉಶಾಂಗಿ ಚಹಾಕ್ಕೆ ನೀರಿಟ್ಟ.
ನಾನು ಕಡತ ತೆರೆಯುವ ಸಾಲಿಗೆ ಹೋಗಿ
ಬರಿ ಎಂಬ ಅಪ್ಪಣೆಯ ಪಕ್ಕ ಒಂದು ‘ಬಿ’ ಸೇರಿಸಿದೆ.
ಅಷ್ಟೇ: ಇದು ಅಕ್ಷರವಲ್ಲ, ಇದ್ದದ್ದನ್ನು ಇದ್ದಂತೆ ಇಡು.
ಎರಡು ದಿನದ ಜಗಳಕ್ಕೆ ಒಂದಕ್ಷರದ ಮದ್ದು.
ಸಾವಿರದ ನಾನೂರ ನಲವತ್ತು. ಇಲ್ಲೂ, ಅಲ್ಲೂ.
ಎರಡು ಕಡತದ ಬೆರಳಚ್ಚೂ ಒಂದೇ.

ಕೆಟ್ಟ ಕಡತವನ್ನು ಅಳಿಸು ಎಂದ ಉಶಾಂಗಿ.
ಹೂಂ ಎಂದೆ. ಅಳಿಸಲಿಲ್ಲ.

ಲಮ್ಜಿರಾ ಎದ್ದಳು. ಗಾಜಿನ ಮೇಲೆ ಹಬೆ ಕೂತಿತ್ತು.
ಹೋಗುವಾಗ ಅದರಲ್ಲಿ ಬಲದಿಂದ ಎಡಕ್ಕೆ
ಒಂದು ಗೆರೆ ಎಳೆದಳು ಬೆರಳಿನಿಂದ,
ಆಮೇಲೆ ಕೈಯನ್ನು ತುಸು ಮೇಲಕ್ಕೆತ್ತಿದಳು.
ಗೆರೆಯ ಸಂದಿಯಲ್ಲಿ ನೀರು ಕಂಡಿತು,
ಎಷ್ಟಿತ್ತೋ, ನೋಡಿಕೊಳ್ಳಲಿಲ್ಲ.